ಬಲಗಾಲಿನ ಲೆಕ್ಕ: ಯುಜುರು ಹನ್ಯೂ ಪ್ರಕರಣ

2018ರ ಫೆಬ್ರುವರಿ 17, ದಕ್ಷಿಣ ಕೊರಿಯಾದ ಗಾಂಗ್‌ನಂಗ್ ಐಸ್ ಅರೇನಾ. ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನ ಪುರುಷರ ಫಿಗರ್ ಸ್ಕೇಟಿಂಗ್‌ನಲ್ಲಿ ಫ್ರೀ ಸ್ಕೇಟ್, ಅಂದರೆ ಎರಡನೇ ದಿನದ ದೀರ್ಘ ಪ್ರದರ್ಶನ. ನಾಲ್ಕೂವರೆ ನಿಮಿಷದ ಪ್ರದರ್ಶನದಲ್ಲಿ ಕೊನೆಯ ನೆಗೆತವೊಂದು ಬಾಕಿ ಉಳಿದಿತ್ತು. ಜಪಾನಿನ ಯುಜುರು ಹನ್ಯೂ ಎಡಗಾಲಿನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ ಜಾರುತ್ತ ಬಂದು, ಬಲಗಾಲಿನ ಬ್ಲೇಡಿನ ತುದಿಯ ಹಲ್ಲನ್ನು ಮಂಜುಗಡ್ಡೆಗೆ ಊರಿ ಮೇಲೆದ್ದರು. ಮೂರು ಸುತ್ತಿನ ಲಟ್ಜ್. ಇಳಿಯುವಾಗ ತೂಕ ತಪ್ಪಿ ಮೈ ಮುಂದಕ್ಕೆ ವಾಲಿತು. ಬಿದ್ದೇಬಿಟ್ಟರು ಎನ್ನುವಷ್ಟರಲ್ಲಿ ಬಲಗಾಲು ಹೇಗೋ ತಡೆದುಕೊಂಡಿತು. ಸಂಗೀತ ನಿಂತ ಮೇಲೆ ಅವರು ಬಗ್ಗಿ, ಆ ಬಲಗಾಲಿನ ಕಣಕಾಲನ್ನು ಕೈಯಿಂದ ಮುಟ್ಟಿದರು. ಸುತ್ತಲಿಂದ ಅಭಿಮಾನಿಗಳು ಎಸೆದ ಹಳದಿ ಕರಡಿಗೊಂಬೆಗಳು ಮಳೆಯಂತೆ ಬೀಳುತ್ತಿದ್ದವು.

ಸರಿಯಾಗಿ ನೂರು ದಿನಗಳ ಹಿಂದೆ, 2017ರ ನವೆಂಬರ್ 9ರಂದು, ಒಸಾಕಾದಲ್ಲಿ ಅದೇ ಲಟ್ಜ್ ನೆಗೆತ ಅದೇ ಕಣಕಾಲನ್ನು ಮುರುಟಿಸಿತ್ತು. ಅಂದಿನದು ನಾಲ್ಕು ಸುತ್ತಿನದು, ಇಂದಿನದು ಮೂರು ಸುತ್ತಿನದು. ಈ ಒಂದು ಸುತ್ತಿನ ವ್ಯತ್ಯಾಸದಲ್ಲಿ ಈ ಪ್ರಕರಣದ ಮುಕ್ಕಾಲು ಪಾಲು ಅಡಗಿದೆ ಎಂದು ನನಗೆ ಅನಿಸುತ್ತದೆ.

ಹನ್ಯೂ ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಛಲದ ಕಥೆ ಹೇಳುತ್ತಾರೆ. 1994ರಲ್ಲಿ ಸೆಂಡಾಯ್ ನಗರದಲ್ಲಿ ಜನನ, ಚಿಕ್ಕಂದಿನಿಂದ ಆಸ್ತಮಾ, 2011ರ ಮಾರ್ಚ್ 11ರ ಭೂಕಂಪದ ಹೊತ್ತಿಗೆ ತವರಿನ ರಿಂಕಿನಲ್ಲೇ ಅಭ್ಯಾಸದಲ್ಲಿದ್ದ ಹುಡುಗ, 2014 ಮತ್ತು 2018ರಲ್ಲಿ ಬೆನ್ನುಬೆನ್ನಿಗೆ ಒಲಿಂಪಿಕ್ ಚಿನ್ನ. ಇದೆಲ್ಲ ನಿಜ. ಆದರೆ ಛಲದಿಂದ ಅಸ್ಥಿರಜ್ಜು ಕೂಡಿಕೊಳ್ಳುವುದಿಲ್ಲ. ಆ ನೂರು ದಿನಗಳಲ್ಲಿ ಕಾಲು ಎಷ್ಟು ಗುಣವಾಗಿತ್ತು, ಗುಣವಾಗದೆ ಉಳಿದಿದ್ದನ್ನು ಅವರೂ ಅವರ ತರಬೇತುದಾರರೂ ಎಲ್ಲಿ ಸರಿದೂಗಿಸಿದರು, ಮುಂದಿನ ನಾಲ್ಕು ವರ್ಷಗಳಲ್ಲಿ ಆ ಲೆಕ್ಕ ಯಾಕೆ ಕೈಕೊಟ್ಟಿತು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಕಾಲಿನ ಮಾತು. ನಮ್ಮ ಕಡೆ ಕಾಲು ಉಳುಕಿದರೆ ಹುಣಸೆಹಣ್ಣು, ಉಪ್ಪು ಕಲಸಿ ಬಿಸಿ ಮಾಡಿ ಪಟ್ಟು ಹಾಕುತ್ತಾರೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಊರಿನಲ್ಲಿದ್ದರೆ ಅವರ ಹತ್ತಿರ ನೀವಿಸಿಕೊಂಡು ಬಾ ಎಂದು ಕಳಿಸುತ್ತಾರೆ. ವಾರದಲ್ಲಿ ಬಾವು ಇಳಿಯುತ್ತದೆ, ಹದಿನೈದು ದಿನಕ್ಕೆ ಮರೆತೂ ಹೋಗುತ್ತದೆ. ಹೀಗಾಗಿ ಉಳುಕು ಎಂಬ ಮಾತಿಗೆ ನಮ್ಮ ಕಿವಿಯಲ್ಲಿ ಗಾಂಭೀರ್ಯವೇ ಇಲ್ಲ. ಆದರೆ ಉಳುಕು ಎಂದರೆ ಅಸ್ಥಿರಜ್ಜು ಜಗ್ಗಿರುವುದು ಅಥವಾ ಹರಿದಿರುವುದು. ಕಣಕಾಲಿನ ಹೊರಬದಿಯಲ್ಲಿ ಇಂಥ ಮೂರು ರಜ್ಜುಗಳಿವೆ. ಪಾದ ಒಳಮುಖವಾಗಿ ಮಗುಚಿಕೊಂಡಾಗ ಮುಂದುಗಡೆಯದಕ್ಕೆ ಮೊದಲ ಪೆಟ್ಟು. ಮೂಳೆಯನ್ನು ಮೂಳೆಗೆ ಕಟ್ಟಿಹಾಕುವುದಷ್ಟೇ ಅವುಗಳ ಕೆಲಸವಲ್ಲ. ಅವುಗಳೊಳಗಿನ ನರತುದಿಗಳು ಪಾದ ಈಗ ಎಷ್ಟು ಓರೆಯಾಗಿದೆ, ಎಷ್ಟು ತಿರುಗಿದೆ ಎಂಬ ಸುದ್ದಿಯನ್ನು ಕ್ಷಣಕ್ಷಣವೂ ಮಿದುಳಿಗೆ ಮುಟ್ಟಿಸುತ್ತಿರುತ್ತವೆ. ರಜ್ಜು ಹರಿದಾಗ ಈ ಸುದ್ದಿಯ ದಾರಿಯೂ ಹದಗೆಡುತ್ತದೆ. ನೋವು ಹೋದ ಮೇಲೂ ಕಾಲು ಕೊಂಚ ಕುರುಡಾಗಿಯೇ ಇರುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೊಂದು ಮುಖ್ಯ ಕಾರಣ. ಒಂಟಿಗಾಲಿನಲ್ಲಿ ನಿಲ್ಲಿಸುವ, ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸುವ ಫಿಸಿಯೋಥೆರಪಿಯ ವ್ಯಾಯಾಮಗಳೆಲ್ಲ ಈ ಕುರುಡುತನವನ್ನು ಕಳೆಯುವುದಕ್ಕೇ ಇರುವುದು.

ಸ್ಕೇಟರ್ ಇಳಿಯುವುದು ಸುಮಾರು 4 ಮಿಲಿಮೀಟರ್ ದಪ್ಪದ ಬ್ಲೇಡಿನ ಮೇಲೆ, ಅದರಲ್ಲೂ ಒಂದು ಬದಿಯ ಅಂಚಿನ ಮೇಲೆ. ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ. ಆ ಹೊತ್ತಿನಲ್ಲಿ ನಾಲ್ಕು ಸುತ್ತು ಸುತ್ತಿ, ದೇಹದ ತೂಕದ ಹಲವು ಪಟ್ಟು ಭಾರವನ್ನು ಒಂದೇ ಕಾಲಿನ ಮೇಲೆ ಹೇರಿ, ಹಿಮ್ಮುಖವಾಗಿ ಜಾರಿಕೊಂಡು ಹೋಗಬೇಕು. ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವ ಸ್ಕೇಟರ್‌ಗಳು ಯಾವ ನೆಗೆತ ಮಾಡಿದರೂ ಇಳಿಯುವುದು ಬಲಗಾಲಿನ ಮೇಲೆಯೇ. ಹನ್ಯೂ ಸುತ್ತುವುದು ಹಾಗೆ. ಹೀಗಾಗಿ ಅವರ ಮಟ್ಟಿಗೆ ಬಲಗಾಲಿಗೆ ರಜೆ ಎಂಬುದೇ ಇಲ್ಲ. ಕ್ರಿಕೆಟಿನಲ್ಲಿ ವೇಗದ ಬೌಲರ್‌ಗೆ ಗಾಯವಾದರೆ ಬರೀ ಬ್ಯಾಟ್ಸ್‌ಮನ್ ಆಗಿ ಆಡಿಸಿದ ಉದಾಹರಣೆಗಳಿವೆ. ಇಲ್ಲಿ ಆ ಸೌಲಭ್ಯವಿಲ್ಲ.

ಆದರೆ ನೆಗೆಯುವ ಕಾಲು ಮಾತ್ರ ಬೇರೆ ಬೇರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನ ಲೆಕ್ಕಕ್ಕೆ ಬೇಕಾಗುತ್ತದೆ. ಸಾಲ್ಕೋ ನೆಗೆತದಲ್ಲಿ ಮೇಲೇಳುವುದು ಎಡಗಾಲಿನ ಒಳ ಅಂಚಿನಿಂದ. ಬಲಗಾಲು ಗಾಳಿಯಲ್ಲಿ ಬೀಸುತ್ತದೆ, ನೆಲಕ್ಕೆ ತಗುಲುವುದಿಲ್ಲ. ಟೋ ಲೂಪ್‌ನಲ್ಲಿ ಬಲಗಾಲಿನ ಮೇಲೆ ಬಂದರೂ ಎಡಗಾಲಿನ ತುದಿಯನ್ನು ಊರುಗೋಲಿನಂತೆ ಚುಚ್ಚಿ ಏಳುತ್ತಾರೆ. ಲೂಪ್ ಹಾಗಲ್ಲ. ಬಲಗಾಲೊಂದರ ಮೇಲೆ ಕುಕ್ಕರಿಸಿದಂತೆ ಕುಗ್ಗಿ, ಅದರ ಅಂಚಿನಿಂದಲೇ ಚಿಮ್ಮಬೇಕು, ಎಡಗಾಲಿನ ಸಹಾಯವಿಲ್ಲ. ಲಟ್ಜ್ ಎಡಗಾಲಿನ ಹೊರ ಅಂಚಿನಿಂದ ಹೊರಡುತ್ತದೆ, ಬಲಗಾಲಿನ ತುದಿಯನ್ನು ಮಂಜುಗಡ್ಡೆಗೆ ಗುದ್ದಬೇಕು. ಅಂದರೆ ಲೂಪ್ ಮತ್ತು ಲಟ್ಜ್‌ಗಳಲ್ಲಿ ಬಲಗಾಲಿಗೆ ಏಳುವಾಗಲೂ ದುಡಿತ, ಇಳಿಯುವಾಗಲೂ ದುಡಿತ.

ಒಸಾಕಾಕ್ಕಿಂತ ಹಿಂದಿನ ಗಾಯಗಳ ಪಟ್ಟಿ ಉದ್ದವಿದೆ. 2012ರಲ್ಲಿ ನೀಸ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಹದಿನೇಳರ ವಯಸ್ಸಿನಲ್ಲಿ, ಕಾಲು ಉಳುಕಿದ್ದರೂ ಏಳನೇ ಸ್ಥಾನದಿಂದ ಕಂಚಿಗೆ ಏರಿದ್ದರು. 2014ರ ನವೆಂಬರ್ 8ರಂದು ಶಾಂಘೈನಲ್ಲಿ ಫ್ರೀ ಸ್ಕೇಟ್‌ಗೆ ಮುಂಚಿನ ವಾರ್ಮ್‌ಅಪ್‌ನಲ್ಲಿ ಚೀನಾದ ಯಾನ್ ಹಾನ್ ಅವರಿಗೆ ಪೂರ್ತಿ ವೇಗದಲ್ಲಿ ಡಿಕ್ಕಿ ಹೊಡೆದರು. ಗಲ್ಲ ಒಡೆದು ರಕ್ತ, ತಲೆಗೂ ಪೆಟ್ಟು. ಅಮೆರಿಕ ತಂಡದ ವೈದ್ಯರು ಪರೀಕ್ಷಿಸಿದರು. ಇದು ವೀರನಾಗುವ ಹೊತ್ತಲ್ಲ ಎಂದು ಹೇಳಿದ್ದಾಗಿ ತರಬೇತುದಾರ ಬ್ರಯಾನ್ ಆರ್ಸರ್ ಆಮೇಲೆ ತಿಳಿಸಿದರು. ಹನ್ಯೂ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಇಳಿದೇಬಿಟ್ಟರು, ಐದು ಸಲ ಬಿದ್ದರು, ಬೆಳ್ಳಿ ಗೆದ್ದರು. ಆ ವಿಡಿಯೋವನ್ನು ಈಗಲೂ ಸ್ಫೂರ್ತಿಯ ಹೆಸರಿನಲ್ಲಿ ಹಂಚುತ್ತಾರೆ. ನನಗೆ ಅದನ್ನು ನೋಡಲು ಆಗುವುದಿಲ್ಲ. ತಲೆಗೆ ಏಟು ಬಿದ್ದ ಹತ್ತೊಂಬತ್ತರ ಹುಡುಗ ತಾನು ಆಡಬಲ್ಲೆನೋ ಇಲ್ಲವೋ ಎಂಬುದನ್ನು ತಾನೇ ತೀರ್ಮಾನಿಸುವಂತೆ ಬಿಟ್ಟಿದ್ದು ಅಲ್ಲಿದ್ದ ಹಿರಿಯರ ತಪ್ಪು. ಆ ಚಳಿಗಾಲ ಅಷ್ಟಕ್ಕೇ ಮುಗಿಯಲಿಲ್ಲ: ವರ್ಷದ ಕೊನೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ, 2015ರ ಆರಂಭದಲ್ಲಿ ಬಲಗಾಲಿನ ಕಣಕಾಲು ಉಳುಕಿದ್ದು.

2016ರ ಗಾಯ ಮಾತ್ರ ಎಡಗಾಲಿನದು. ಪಾದದ ನಡುಭಾಗದಲ್ಲಿ ಕಮಾನನ್ನು ಹಿಡಿದಿಡುವ ಲಿಸ್‌ಫ್ರಾಂಕ್ ರಜ್ಜಿಗೆ ಪೆಟ್ಟಾಗಿ, ಬಾಸ್ಟನ್ ವಿಶ್ವ ಚಾಂಪಿಯನ್‌ಷಿಪ್ ಮುಗಿದ ಮೇಲೆ ದೀರ್ಘ ವಿಶ್ರಾಂತಿ ಬೇಕಾಯಿತು. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ಅವರು ಸ್ಪರ್ಧೆಯಲ್ಲಿ ನಾಲ್ಕು ಸುತ್ತಿನ ಲೂಪ್ ಇಳಿಸಿದ ಜಗತ್ತಿನ ಮೊದಲ ಸ್ಕೇಟರ್ ಆದರು. ಲೂಪ್ ಎಂದರೆ ಎಡಗಾಲಿನ ತುದಿಯನ್ನು ಊರಬೇಕಿಲ್ಲದ ನೆಗೆತ. ಎಡಪಾದ ನೋಯುತ್ತಿದ್ದ ವರ್ಷದಲ್ಲೇ ಎಡಪಾದ ಬೇಡದ ನೆಗೆತ ಕೈಗೂಡಿದ್ದು ಬರೀ ಕಾಕತಾಳೀಯ ಇರಲಿಕ್ಕಿಲ್ಲ ಎಂಬುದು ನನ್ನ ಊಹೆ. ಊಹೆ ಸರಿಯೋ ತಪ್ಪೋ, ಪರಿಣಾಮ ಮಾತ್ರ ಒಂದೇ. ಎಡಕ್ಕೆ ಬಿಡುವು ಸಿಕ್ಕಿತು, ಅದರ ಪಾಲಿನ ದುಡಿತ ಬಲಕ್ಕೆ ಬಿತ್ತು.

2017ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಅವರು ಸ್ಪರ್ಧೆಯಲ್ಲಿ ಮೊದಲ ಸಲ ನಾಲ್ಕು ಸುತ್ತಿನ ಲಟ್ಜ್ ಇಳಿಸಿದರು. ಕಾಲ ಅಂಥದ್ದು. ಅಮೆರಿಕದ ನೇಥನ್ ಚೆನ್ ಒಂದೇ ಫ್ರೀ ಸ್ಕೇಟ್‌ನಲ್ಲಿ ಐದು ಕ್ವಾಡ್, ಅಂದರೆ ನಾಲ್ಕು ಸುತ್ತಿನ ನೆಗೆತ, ಹಾಕುತ್ತಿದ್ದರು. ಲಟ್ಜ್ ಇಲ್ಲದೆ ಒಲಿಂಪಿಕ್ಸ್ ಗೆಲ್ಲುವುದು ಕಷ್ಟ ಎಂದು ಎಲ್ಲರೂ ಹೇಳುತ್ತಿದ್ದರು. ಮೂರು ವಾರ ಕಳೆಯುವುದರೊಳಗೆ ಒಸಾಕಾದಲ್ಲಿ ಎನ್‌ಎಚ್‌ಕೆ ಟ್ರೋಫಿ ಸ್ಪರ್ಧೆಯ ಹಿಂದಿನ ದಿನದ ಅಭ್ಯಾಸ. ಅವರಿಗೆ ಮೈಯಲ್ಲಿ ಆರಾಮವಿರಲಿಲ್ಲ, ಜ್ವರ ಬಂದಿತ್ತು ಎಂಬ ಸುದ್ದಿಯೂ ಇತ್ತು. ಲಟ್ಜ್‌ಗೆ ಎದ್ದಾಗಲೇ ಗಾಳಿಯಲ್ಲಿ ಮೈ ವಾಲಿತ್ತು. ಸುತ್ತು ಪೂರ್ತಿಯಾಗುವ ಮುಂಚೆಯೇ ಬಲಗಾಲು ನೆಲ ಕಂಡಿತು. ಬ್ಲೇಡು ಮಂಜುಗಡ್ಡೆಯನ್ನು ಕಚ್ಚಿ ನಿಂತುಬಿಟ್ಟಿತು, ಮೇಲಿನ ದೇಹ ಇನ್ನೂ ತಿರುಗುತ್ತಲೇ ಇತ್ತು. ನಿಂತದ್ದಕ್ಕೂ ತಿರುಗುವುದಕ್ಕೂ ನಡುವೆ ಸಿಕ್ಕಿಬಿದ್ದದ್ದು ಕಣಕಾಲು.

ಮೊದಲಿಗೆ ಬಂದ ಸುದ್ದಿ ಹತ್ತು ದಿನಗಳ ವಿಶ್ರಾಂತಿ ಸಾಕೆಂಬಂತಿತ್ತು. ಹತ್ತು ದಿನ ತಿಂಗಳಾಯಿತು. ಡಿಸೆಂಬರ್‌ನಲ್ಲಿ ಜಪಾನಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಹತ್ತಿರ ಬಂದಾಗ, ಹೊರಬದಿಯ ರಜ್ಜು ಕೂಡಿಕೊಳ್ಳುತ್ತಿದ್ದರೂ ಮೂಳೆಯಲ್ಲಿ ಮತ್ತು ಸ್ನಾಯುರಜ್ಜಿನಲ್ಲಿ ಉರಿಯೂತ ಉಳಿದಿದೆ ಎಂಬ ಕಾರಣ ಕೊಟ್ಟು ಅವರು ಹಿಂದೆ ಸರಿದರು. ಒಲಿಂಪಿಕ್ಸ್‌ಗೆ ಅವರನ್ನು ಆರಿಸಿದ್ದು ಹಿಂದಿನ ಸಾಧನೆಯ ಆಧಾರದ ಮೇಲೆ. ಮಂಜುಗಡ್ಡೆಗೆ ಮರಳಿದ್ದು ಜನವರಿಯಲ್ಲಿ. ಮೂರು ಸುತ್ತಿನ ನೆಗೆತಗಳು, ಆಮೇಲೆ ನಾಲ್ಕು ಸುತ್ತಿನವು ಮರಳಿದ್ದು ಸ್ಪರ್ಧೆಗೆ ಕೆಲವೇ ವಾರಗಳಿದ್ದಾಗ. ತಂಡ ಸ್ಪರ್ಧೆಯಲ್ಲಿ ಅವರು ಆಡಲಿಲ್ಲ. ಕೊರಿಯಾಕ್ಕೆ ಬಂದಿಳಿದ ಮೇಲಿನ ಮೊದಲ ಅಭ್ಯಾಸ ಚುಟುಕಾಗಿ ಮುಗಿಯಿತು. ಅದನ್ನು ನೋಡಲೆಂದೇ ನೆರೆದಿದ್ದ ಪತ್ರಕರ್ತರು ಕಾಲು ಹೇಗಿದೆ ಎಂದು ತಮ್ಮತಮ್ಮಲ್ಲೇ ಅಳೆದು ಸುರಿದುಕೊಂಡರು.

ಆ ಎರಡು ತಿಂಗಳು ಅವರು ಸುಮ್ಮನೆ ಮಲಗಿರಲಿಲ್ಲ. ಟೊರಾಂಟೊದಲ್ಲಿ ತರಬೇತಿ ಪಡೆಯುತ್ತಲೇ ವಸೇದಾ ವಿಶ್ವವಿದ್ಯಾಲಯದ ಮಾನವ ವಿಜ್ಞಾನ ವಿಭಾಗದಲ್ಲಿ ದೂರಶಿಕ್ಷಣದ ವಿದ್ಯಾರ್ಥಿಯಾಗಿದ್ದವರು ಅವರು. ಮುಂದೆ 2020ರಲ್ಲಿ ಪದವಿ ಮುಗಿಸಿದಾಗ ಬರೆದ ಪ್ರಬಂಧ ಕೂಡ ಸ್ಕೇಟರ್‌ನ ಚಲನೆಯನ್ನು ಸಂವೇದಕಗಳ ಮೂಲಕ ಸೆರೆಹಿಡಿಯುವುದರ ಮೇಲೆಯೇ. ತನ್ನ ನೆಗೆತವನ್ನು ಬಿಡಿಬಿಡಿಯಾಗಿ ಕಳಚಿ ನೋಡುವ ಅಭ್ಯಾಸ ಅವರಿಗೆ ಮೊದಲಿನಿಂದ ಇತ್ತು. ಕಾಲಿಗೆ ಕೆಲಸವಿಲ್ಲದಾಗ ತಲೆ ಕೆಲಸ ಮಾಡಿತು ಎನ್ನಬಹುದು.

ಮಾಡಿದ ಮುಖ್ಯ ಕೆಲಸ ಕಳೆಯುವ ಲೆಕ್ಕ. ಲಟ್ಜ್ ಬೇಡ ಎಂದಾಯಿತು. ನಾಲ್ಕು ಸುತ್ತಿನ ಲೂಪ್ ಕೂಡ ಬೇಡ ಎಂದಾಯಿತು. ಉಳಿದದ್ದು ಸಾಲ್ಕೋ ಮತ್ತು ಟೋ ಲೂಪ್, ಅವರಿಗೆ ವರ್ಷಗಳಿಂದ ನಿದ್ದೆಯಲ್ಲೂ ಬರುವ ಎರಡು ನೆಗೆತಗಳು. ಏಳುವಾಗ ಒಂದರಲ್ಲಿ ಬಲಗಾಲಿಗೆ ಕೆಲಸವೇ ಇಲ್ಲ, ಇನ್ನೊಂದರಲ್ಲಿ ಎಡಗಾಲು ಕೈಜೋಡಿಸುತ್ತದೆ. ಇಳಿಯುವ ಹೊರೆ ಹೇಗೂ ತಪ್ಪಿದ್ದಲ್ಲ. ಏಳುವ ಹೊರೆಯನ್ನಾದರೂ ಇಳಿಸಿದರು.

ಅಂಕದ ದೃಷ್ಟಿಯಿಂದ ಇದು ಹುಚ್ಚು ಸಾಹಸದಂತೆ ಕಾಣುತ್ತಿತ್ತು, ಆದರೆ ಅಲ್ಲ. ಆ ಋತುವಿನ ನಿಯಮದಲ್ಲಿ ನಾಲ್ಕು ಸುತ್ತಿನ ಲಟ್ಜ್‌ಗೆ ಮೂಲ ಅಂಕ 13.6, ಲೂಪ್‌ಗೆ 12, ಸಾಲ್ಕೋಗೆ 10.5, ಟೋ ಲೂಪ್‌ಗೆ 10.3. ಇದರ ಮೇಲೆ ತೀರ್ಪುಗಾರರು ಗುಣಮಟ್ಟ ನೋಡಿ 3 ಅಂಕದವರೆಗೆ ಕೂಡಿಸಬಹುದಿತ್ತು, 4 ಅಂಕದವರೆಗೆ ಕಳೆಯಬಹುದಿತ್ತು. ಅಂದರೆ ಕೂದಲೆಳೆಯೂ ಅಲುಗದಂತೆ ಇಳಿದ ಸಾಲ್ಕೋ 13.5ರ ತನಕ ಹೋಗುತ್ತದೆ, ಹೇಗೋ ಇಳಿಸಿದ ಲಟ್ಜ್ ನಿಲ್ಲುವುದೂ ಹೆಚ್ಚುಕಡಿಮೆ ಅಲ್ಲೇ. ಬಿದ್ದ ಲಟ್ಜ್ ಅದಕ್ಕಿಂತ ಎಷ್ಟೋ ಕೆಳಗೆ. ನೆಗೆತಗಳನ್ನು ಪ್ರದರ್ಶನದ ದ್ವಿತೀಯಾರ್ಧದಲ್ಲಿ ಇಟ್ಟರೆ ಮೂಲ ಅಂಕಕ್ಕೆ ಶೇ 10 ಹೆಚ್ಚು ಸಿಗುತ್ತಿತ್ತು. ಸುಲಭದ ನೆಗೆತವನ್ನು ಕಷ್ಟದ ಜಾಗದಲ್ಲಿ ಇಟ್ಟು ಚೊಕ್ಕವಾಗಿ ಮಾಡುವುದು ಎಂಬ ಹಾದಿ ತೆರೆದೇ ಇತ್ತು.

ಫೆಬ್ರುವರಿ 16ರ ಶಾರ್ಟ್ ಪ್ರೋಗ್ರಾಂನಲ್ಲಿ, ಅಂದರೆ ಮೊದಲ ದಿನದ ಚಿಕ್ಕ ಪ್ರದರ್ಶನದಲ್ಲಿ, ಶೋಪಾನ್ ಸಂಗೀತಕ್ಕೆ ಸಾಲ್ಕೋ, ಮೂರು ಸುತ್ತಿನ ಆಕ್ಸೆಲ್, ಟೋ ಲೂಪ್‌ಗಳ ಜೋಡಿ ಮೂರೂ ಅಚ್ಚುಕಟ್ಟಾಗಿ ಬಂದವು: 111.68. ನೇಥನ್ ಚೆನ್ ಅಂದು ಎಡವಿ 17ನೇ ಸ್ಥಾನಕ್ಕೆ ಕುಸಿದರು. ಮರುದಿನ ಚೆನ್ ಆರು ಕ್ವಾಡ್ ಹಾಕಿ 215.08 ಗಳಿಸಿದರು, ಅಂದಿನ ಫ್ರೀ ಸ್ಕೇಟ್‌ನಲ್ಲಿ ಅದೇ ಅತಿ ಹೆಚ್ಚು. ನಾಲ್ಕು ಕ್ವಾಡ್‌ಗಳ ಹನ್ಯೂ ಗಳಿಸಿದ್ದು 206.17. ಒಟ್ಟು ಸೇರಿಸಿದಾಗ ಹನ್ಯೂ 317.85, ಚೆನ್ ಐದನೇ ಸ್ಥಾನ. ಬೆಳ್ಳಿ ಗೆದ್ದ ಶೋಮಾ ಊನೋ 306.90. ಪುರುಷರ ಸಿಂಗಲ್ಸ್‌ನಲ್ಲಿ ಸತತ ಎರಡು ಚಿನ್ನ 1952ರ ಡಿಕ್ ಬಟನ್ ಬಳಿಕ ಯಾರಿಗೂ ದಕ್ಕಿರಲಿಲ್ಲ.

ಇಷ್ಟಾದರೂ ಅದು ಗುಣವಾದ ಕಾಲಲ್ಲ. ನೋವು ನಿವಾರಕ ಮಾತ್ರೆಗಳಿಲ್ಲದೆ ನೆಗೆಯಲು ಆಗುತ್ತಿರಲಿಲ್ಲ ಎಂದು ಅವರೇ ಹೇಳಿದರು, ಬಲಗಾಲಿಗೆ ಧನ್ಯವಾದ ಹೇಳಬೇಕು ಎಂದೂ ಹೇಳಿದರು. ಮರು ತಿಂಗಳ ಮಿಲಾನ್ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹಿಂದೆ ಸರಿದರು. ಚಿನ್ನ ಗೆದ್ದವನು ಗುಣವಾಗಿರಲೇಬೇಕು ಎಂದು ನೋಡುವವರು ಅಂದುಕೊಳ್ಳುತ್ತಾರೆ. ವೈದ್ಯರ ಪಾಲಿಗೆ ಪದಕ ಎನ್ನುವುದು ಪರೀಕ್ಷೆಯ ವರದಿಯೇನಲ್ಲ. ಅಲ್ಲಿ ನಿಜವಾಗಿ ಸುಧಾರಿಸಿದ್ದು ಕಾಲಲ್ಲ, ಕಾಲಿನಿಂದ ಏನನ್ನು ಕೇಳಬೇಕು ಎಂಬ ವಿವೇಕ.

ಆ ವಿವೇಕ ಒಂಬತ್ತು ತಿಂಗಳು ಬಾಳಿತು.

2018ರ ನವೆಂಬರ್, ಮತ್ತೆ ಮಾಸ್ಕೋ. ಆ ವರ್ಷದ ಫ್ರೀ ಸ್ಕೇಟ್ ಅನ್ನು ಅವರು ತಮ್ಮ ಬಾಲ್ಯದ ಆರಾಧ್ಯ, ರಷ್ಯಾದ ಸ್ಕೇಟರ್ ಯೆವ್ಗೆನಿ ಪ್ಲುಶೆಂಕೊ ಅವರಿಗೆ ಅರ್ಪಿಸಿದ್ದರು. ಪ್ಲುಶೆಂಕೊ ಕೂಡ ಗಾಯದ ಜೊತೆಯಲ್ಲೇ ಬಾಳಿದವರು. ಬೆನ್ನಿನ ಶಸ್ತ್ರಚಿಕಿತ್ಸೆಗಳಾಗಿ ಸೋಚಿ ಒಲಿಂಪಿಕ್ಸ್‌ಗೆ ಬಂದು, ಶಾರ್ಟ್ ಪ್ರೋಗ್ರಾಂಗೆ ಮುಂಚಿನ ವಾರ್ಮ್‌ಅಪ್‌ನಲ್ಲೇ ಬೆನ್ನು ಹಿಡಿದುಕೊಂಡು ಹೊರನಡೆದವರು. ಮಾಸ್ಕೋದಲ್ಲಿ ಶಾರ್ಟ್ ಪ್ರೋಗ್ರಾಂನ 110.53 ಅಂಕಗಳೊಂದಿಗೆ ಹನ್ಯೂ ಬಹಳ ಮುಂದಿದ್ದರು. ಮರುದಿನ ಬೆಳಗಿನ ಅಭ್ಯಾಸದಲ್ಲಿ ನಾಲ್ಕು ಸುತ್ತಿನ ಲೂಪ್‌ಗೆ ಎದ್ದು ಬಿದ್ದರು. ಹೌದು, ಬಲಗಾಲಿನಿಂದಲೇ ಏಳುವ, ಬಲಗಾಲಿನ ಮೇಲೆಯೇ ಇಳಿಯುವ ಅದೇ ಲೂಪ್. ಮೂರು ವಾರ ವಿಶ್ರಾಂತಿ ಬೇಕು ಎಂದರು ವೈದ್ಯರು.

ಅಂದು ಸಂಜೆ ಅವರು ಆಡಿದರು. ಲೂಪ್ ತೆಗೆದರು, ಕ್ರಮ ಬದಲಿಸಿದರು, ಆಡುತ್ತ ಆಡುತ್ತಲೇ ಇನ್ನಷ್ಟು ತೆಗೆದರು. 167.89 ಅಂಕ, ಒಟ್ಟು 278.42, ಎರಡನೆಯವರಿಗಿಂತ ಸುಮಾರು 30 ಅಂಕ ಮುಂದೆ. ಪದಕ ಸ್ವೀಕರಿಸಲು ಬಂದದ್ದು ಊರುಗೋಲಿನ ಮೇಲೆ. ಕೈಯಲ್ಲಿ ಊರುಗೋಲು, ಮುಖದಲ್ಲಿ ಮುಗುಳ್ನಗೆ, ಕೊರಳಲ್ಲಿ ಚಿನ್ನ. ಆ ಚಿತ್ರ ಪತ್ರಿಕೆಗಳಲ್ಲಿ ಬಂತು.

ಪ್ಯೊಂಗ್‌ಚಾಂಗ್‌ನಲ್ಲಿ ಕಳೆದದ್ದು ಕಾಲನ್ನು ಉಳಿಸಲು. ಮಾಸ್ಕೋದಲ್ಲಿ ಕಳೆದದ್ದು ಆ ಸಂಜೆಯನ್ನು ಉಳಿಸಲು. ನೋಡುವುದಕ್ಕೆ ಎರಡೂ ಒಂದೇ ಉಪಾಯ, ಆದರೆ ಅಡಿಗಲ್ಲು ಬೇರೆ. ಕೊರಿಯಾದಲ್ಲಿ ಎರಡು ತಿಂಗಳ ವಿಶ್ರಾಂತಿಯ ಮೇಲೆ ಕಾರ್ಯಕ್ರಮ ಕಟ್ಟಿದ್ದರು. ಮಾಸ್ಕೋದಲ್ಲಿ ಬೆಳಗ್ಗೆ ಹರಿದ ಕಾಲಿನ ಮೇಲೆ ಕಟ್ಟಿದರು. ರಷ್ಯಾದ ನೆಲದಲ್ಲಿ, ರಷ್ಯಾದ ಗುರುಸಮಾನರಿಗೆ ಅರ್ಪಿಸಿದ ಪ್ರದರ್ಶನವನ್ನು ಅರ್ಧಕ್ಕೆ ಬಿಡಲು ಮನಸ್ಸು ಒಪ್ಪಲಿಲ್ಲ ಎಂಬುದು ಅರ್ಥವಾಗುತ್ತದೆ. ಅರ್ಥವಾಗುವುದು ಬೇರೆ, ಒಪ್ಪುವುದು ಬೇರೆ. ಆ ಒಂದು ಸಂಜೆಗೆ ತೆತ್ತದ್ದು ವ್ಯಾಂಕೂವರ್‌ನ ಗ್ರ್ಯಾನ್ ಪ್ರಿ ಫೈನಲ್, ಡಿಸೆಂಬರ್‌ನ ರಾಷ್ಟ್ರೀಯ ಚಾಂಪಿಯನ್‌ಷಿಪ್, ಸ್ಪರ್ಧೆಯಿಲ್ಲದ ನಾಲ್ಕು ತಿಂಗಳು. ಅವತ್ತು ಅವರು ಹಿಂದೆ ಸರಿದಿದ್ದರೂ ಫೈನಲ್‌ಗೆ ಆಡಲು ಆಗುತ್ತಿರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೂ ಈ ಪ್ರಕರಣದಲ್ಲಿ ಒಂದೇ ಒಂದು ತೀರ್ಮಾನವನ್ನು ತಿದ್ದುವ ಅವಕಾಶ ಸಿಕ್ಕರೆ ನಾನು ತಿದ್ದುವುದು ಇದನ್ನೇ.

2019ರ ಮಾರ್ಚ್‌ನಲ್ಲಿ ಸೈತಾಮಾದ ವಿಶ್ವ ಚಾಂಪಿಯನ್‌ಷಿಪ್‌ಗೆ ಮರಳಿ, ಫ್ರೀ ಸ್ಕೇಟ್‌ನಲ್ಲಿ ಆ ಲೂಪ್ ಅನ್ನೇ ಇಳಿಸಿ ತೋರಿಸಿದರು. ಒಟ್ಟು 300.97, ಬೆಳ್ಳಿ. ಚೆನ್ 323.42. ಗಾಯವೇ ಆಗದಿದ್ದರೂ ಚೆನ್ ಅಂದು ಗೆಲ್ಲುತ್ತಿದ್ದರು ಎಂದು ಒಪ್ಪಿಕೊಳ್ಳುವುದು ನ್ಯಾಯ. ಆಟ ಮುಂದಕ್ಕೆ ಹೋಗಿತ್ತು. ಕಳೆಯುವ ಲೆಕ್ಕ ಇನ್ನು ನಡೆಯುವಂತಿರಲಿಲ್ಲ.

ಎರಡನೇ ಚಿನ್ನದ ಬಳಿಕ ಅವರು ಮುಂದಿಟ್ಟುಕೊಂಡ ಗುರಿ ನಾಲ್ಕು ಸುತ್ತಿನ ಆಕ್ಸೆಲ್. ಆಕ್ಸೆಲ್‌ನಲ್ಲಿ ಮಾತ್ರ ಮುಮ್ಮುಖವಾಗಿ ಎದ್ದು ಹಿಮ್ಮುಖವಾಗಿ ಇಳಿಯಬೇಕು, ಹಾಗಾಗಿ ಅರ್ಧ ಸುತ್ತು ಜಾಸ್ತಿ, ಒಟ್ಟು ನಾಲ್ಕೂವರೆ. ಸ್ಪರ್ಧೆಯಲ್ಲಿ ಅದನ್ನು ಇಳಿಸಿದವರು ಆಗ ಯಾರೂ ಇರಲಿಲ್ಲ. ಕಲಿಯಬೇಕೆಂದರೆ ಬೀಳಬೇಕು. ಅದೂ ಒಂದೆರಡು ಸಲವಲ್ಲ, ದಿನಕ್ಕೆ ಹತ್ತಾರು ಸಲ, ತಿಂಗಳುಗಟ್ಟಲೆ. ಸುತ್ತು ಕಡಿಮೆಯಾದ ಪ್ರತಿ ಇಳಿತವೂ ಒಸಾಕಾದ ಪುನರಾವರ್ತನೆ: ಬ್ಲೇಡು ನಿಲ್ಲುತ್ತದೆ, ದೇಹ ತಿರುಗುತ್ತದೆ, ನಡುವೆ ಕಣಕಾಲು. 2021ರ ನವೆಂಬರ್‌ನಲ್ಲಿ ಬಲಗಾಲಿನ ಅದೇ ಕಣಕಾಲಿನ ರಜ್ಜಿಗೆ ಮತ್ತೆ ಪೆಟ್ಟಾಯಿತು. ಟೋಕಿಯೋದ ಎನ್‌ಎಚ್‌ಕೆ ಟ್ರೋಫಿ ಹೋಯಿತು, ಸೋಚಿಯ ಸ್ಪರ್ಧೆಯೂ ಹೋಯಿತು. ಡಿಸೆಂಬರ್‌ನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಬಂದು 322.36 ಅಂಕಗಳೊಂದಿಗೆ ಗೆದ್ದರು. ಅಲ್ಲಿ ಹಾಕಿದ ಆಕ್ಸೆಲ್ ಎರಡೂ ಕಾಲಿನ ಮೇಲೆ ಇಳಿಯಿತು, ತೀರ್ಪುಗಾರರು ಅದನ್ನು ಮೂರು ಸುತ್ತಿನದೆಂದೇ ಎಣಿಸಿದರು.

ಬೀಜಿಂಗ್, 2022. ಫೆಬ್ರುವರಿ 8ರ ಶಾರ್ಟ್ ಪ್ರೋಗ್ರಾಂನಲ್ಲಿ ಸಾಲ್ಕೋಗೆ ಏಳುವ ಕ್ಷಣದಲ್ಲಿ ಬ್ಲೇಡು ಮಂಜುಗಡ್ಡೆಯಲ್ಲಿದ್ದ ಕುಳಿಯೊಂದಕ್ಕೆ ಸಿಕ್ಕಿ ನೆಗೆತ ಒಂದೇ ಸುತ್ತಿಗೆ ಮುಗಿಯಿತು. ಶಾರ್ಟ್ ಪ್ರೋಗ್ರಾಂನಲ್ಲಿ ಒಂದು ಸುತ್ತಿನ ನೆಗೆತಕ್ಕೆ ಸೊನ್ನೆ. 95.15, ಎಂಟನೇ ಸ್ಥಾನ. ಮರುದಿನದ ಅಭ್ಯಾಸದಲ್ಲಿ ಬಲಗಾಲು ಮತ್ತೆ ಉಳುಕಿತು. ಫ್ರೀ ಸ್ಕೇಟ್‌ಗೆ ಇಳಿದದ್ದು ನೋವು ಕೊಲ್ಲುವ ಇಂಜೆಕ್ಷನ್ ತೆಗೆದುಕೊಂಡು.

ಆ ಹೊತ್ತಿನ ಲೆಕ್ಕವನ್ನೂ ನೋಡಿಬಿಡೋಣ. ಆಗಿನ ನಿಯಮದಲ್ಲಿ ನಾಲ್ಕು ಸುತ್ತಿನ ಆಕ್ಸೆಲ್‌ಗೆ ಮೂಲ ಅಂಕ 12.5, ನಾಲ್ಕು ಸುತ್ತಿನ ಲಟ್ಜ್‌ಗೆ 11.5, ಮೂರು ಸುತ್ತಿನ ಆಕ್ಸೆಲ್‌ಗೆ 8. ಜಗತ್ತಿನಲ್ಲಿ ಯಾರೂ ಇಳಿಸದ ನೆಗೆತಕ್ಕೆ ಲಟ್ಜ್‌ಗಿಂತ ಬರೀ ಒಂದು ಅಂಕ ಜಾಸ್ತಿ! ಹನ್ಯೂ ಅವರ ಮೂರು ಸುತ್ತಿನ ಆಕ್ಸೆಲ್ ಎಂದರೆ ಆ ಕ್ರೀಡೆಯ ಪಠ್ಯದಲ್ಲಿ ಅಚ್ಚು ಹಾಕಿಸುವಂಥದ್ದು. ಗುಣಮಟ್ಟದ ಅಂಕ ಸೇರಿ ಸುಲಭವಾಗಿ ಹತ್ತು ದಾಟುತ್ತಿತ್ತು. ಪ್ಯೊಂಗ್‌ಚಾಂಗ್‌ನ ಹನ್ಯೂ ಆಗಿದ್ದರೆ ಅದನ್ನೇ ಹಾಕುತ್ತಿದ್ದರು.

ಬೀಜಿಂಗ್‌ನ ಹನ್ಯೂ ಮೊದಲ ನೆಗೆತವಾಗಿ ನಾಲ್ಕು ಸುತ್ತಿನ ಆಕ್ಸೆಲ್ ಹಾಕಿದರು. ಸುತ್ತು ಪೂರ್ಣವಾಗಲಿಲ್ಲ, ಬಿದ್ದರು. ಅದು ನಾಲ್ಕು ಸುತ್ತಿನ ಆಕ್ಸೆಲ್ ಪ್ರಯತ್ನವೇ ಹೌದು ಎಂದು ಅಂತರರಾಷ್ಟ್ರೀಯ ಸ್ಪರ್ಧೆಯ ಅಂಕಪಟ್ಟಿಯಲ್ಲಿ ಮೊದಲ ಸಲ ದಾಖಲಾಯಿತು. ಮುಂದಿನ ಸಾಲ್ಕೋದಲ್ಲೂ ಬಿದ್ದರು. ಆಮೇಲಿನದೆಲ್ಲ ಎಂದಿನ ಚೊಕ್ಕತನ. 188.06, ಒಟ್ಟು 283.21, ನಾಲ್ಕನೇ ಸ್ಥಾನ. ಕಂಚಿಗೂ ಅವರಿಗೂ ನಡುವೆ 9.79 ಅಂಕಗಳ ಅಂತರವಿತ್ತು. ಆಕ್ಸೆಲ್ ಹಠದಿಂದ ಪದಕ ಹೋಯಿತು ಎಂದು ಬರೆದವರು ಲೆಕ್ಕ ಸರಿಯಾಗಿ ಮಾಡಿಲ್ಲ. ಮೊದಲ ದಿನ ಕುಳಿಗೆ ಸಿಕ್ಕಿ ಹೋದ ಸಾಲ್ಕೋ ಒಂದೇ ಆ ಅಂತರಕ್ಕಿಂತ ದೊಡ್ಡದು.

ನಾಲ್ಕು ದಿನಗಳ ನಂತರದ ಪತ್ರಿಕಾಗೋಷ್ಠಿಯಲ್ಲಿ ಕಾಲಿನ ಸ್ಥಿತಿ ತಾವು ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿತ್ತು, ಬೇರೆ ಸಾಮಾನ್ಯ ಸ್ಪರ್ಧೆಯಾಗಿದ್ದರೆ ಹಿಂದೆ ಸರಿಯುತ್ತಿದ್ದೆ ಎಂಬರ್ಥದ ಮಾತನ್ನು ಅವರು ಆಡಿದರು. ಮಾಸ್ಕೋದ ಬಗ್ಗೆ ನನಗಿರುವ ಸಿಟ್ಟು ಬೀಜಿಂಗ್ ಬಗ್ಗೆ ಇಲ್ಲ. ಮಾಸ್ಕೋ ಮುಗಿದ ಮೇಲೆ ಕಾಪಾಡಿಕೊಳ್ಳಲು ಮುಂದೆ ಒಂದು ಋತುವಿತ್ತು. ಬೀಜಿಂಗ್ ಮುಗಿದ ಮೇಲೆ ಆ ಕಾಲನ್ನು ಯಾವ ಸ್ಪರ್ಧೆಗೆಂದು ಕಾಪಾಡಬೇಕಿತ್ತು? ಅವರಿಗೆ ಆಗ ಇಪ್ಪತ್ತೇಳು. ಎರಡು ಚಿನ್ನ ಆಗಲೇ ಮನೆಯಲ್ಲಿದ್ದವು. ಬಲಗಾಲಿನಲ್ಲಿ ಉಳಿದಿದ್ದ ಒಂದಿಷ್ಟನ್ನು ತಾನು ಬೇಕೆಂದದ್ದಕ್ಕೆ ಖರ್ಚು ಮಾಡಿದರು.

2022ರ ಜುಲೈ 19ರಂದು ಅವರು ಸ್ಪರ್ಧೆಗಳಿಗೆ ವಿದಾಯ ಹೇಳಿ ವೃತ್ತಿಪರ ಪ್ರದರ್ಶಕರಾದರು. ಮರುವರ್ಷ ಫೆಬ್ರುವರಿ 26ರಂದು ಟೋಕಿಯೋ ಡೋಮ್‌ನಲ್ಲಿ ಒಬ್ಬರೇ ನಡೆಸಿಕೊಟ್ಟ ಪ್ರದರ್ಶನಕ್ಕೆ ಸುಮಾರು 35,000 ಜನ ಬಂದಿದ್ದರು. ಅಲ್ಲಿ ತೀರ್ಪುಗಾರರಿಲ್ಲ, ಮೂಲ ಅಂಕವಿಲ್ಲ. ಯಾವ ನೆಗೆತ ಇರಬೇಕು, ಯಾವುದು ಬೇಡ ಎಂಬುದು ಪೂರ್ತಿ ಅವರದೇ ಆಯ್ಕೆ.

ನಾಲ್ಕು ಸುತ್ತಿನ ಆಕ್ಸೆಲ್ ಅನ್ನು ಸ್ಪರ್ಧೆಯಲ್ಲಿ ಮೊದಲು ಇಳಿಸಿದ್ದು ಅಮೆರಿಕದ ಇಲಿಯಾ ಮಲಿನಿನ್, 2022ರ ಸೆಪ್ಟೆಂಬರ್ 14ರಂದು, ಲೇಕ್ ಪ್ಲಾಸಿಡ್‌ನಲ್ಲಿ. ಬೀಜಿಂಗ್‌ನ ಆ ಬೀಳುವಿಕೆಗೆ ಏಳು ತಿಂಗಳು ತುಂಬಿತ್ತಷ್ಟೆ. ಹನ್ಯೂ ಅವರ ಪ್ರಯತ್ನವೇ ತನಗೆ ಪ್ರೇರಣೆ ಎಂದು ಹೇಳಿಕೊಂಡ ಆ ಹುಡುಗನಿಗೆ ಆಗ ಹದಿನೇಳು. ಅವನು ಸುತ್ತುವುದೂ ಎಡಕ್ಕೆ, ಇಳಿದದ್ದೂ ಬಲಗಾಲಿನ ಮೇಲೆ.